ಒಂದೇ ವಿಳಾಸದ ಜೀವಿಗಳು

ಥ್ಯಾಮ್ನೋಬ್ರಿಯಮ್ ಅಂಗಸ್ಟಿಫೋಲಿಯಮ್ ಎಂಬ ಹಾವಸೆ ಇಡೀ ಭೂಮಿಯಲ್ಲಿ ಬೆಳೆಯುವುದು ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಒಂದೇ ಸುಣ್ಣಕಲ್ಲಿನ ಕಣಿವೆಯಲ್ಲಿ, ಬುಗ್ಗೆಯ ನೀರು ಹರಿಯುವ ಬಂಡೆಗಳ ಮೇಲೆ. ಎಲ್ಲ ಸೇರಿಸಿದರೂ ಕೆಲವೇ ಚದರ ಮೀಟರ್. ಮೆಲೊಮಿಸ್ ರುಬಿಕೋಲ ಎಂಬ ಇಲಿಗೂ ಇದ್ದದ್ದು ಒಂದೇ ನೆಲೆ: ಆಸ್ಟ್ರೇಲಿಯದ ಟಾರಸ್ ಜಲಸಂಧಿಯಲ್ಲಿರುವ ಬ್ರಾಂಬಲ್ ಕೇ ಎಂಬ ಹವಳದ ಮರಳುದಿಬ್ಬ. ಹಾವಸೆ ಇನ್ನೂ ಇದೆ. ಇಲಿ ಇಲ್ಲ.

ಬ್ರಾಂಬಲ್ ಕೇ ಸಮುದ್ರಮಟ್ಟದಿಂದ ಅಬ್ಬಬ್ಬಾ ಎಂದರೆ ಮೂರು ಮೀಟರ್ ಎತ್ತರ. 1845ರಲ್ಲಿ ಅಲ್ಲಿಗೆ ಬಂದ ನಾವಿಕರು ಈ ಇಲಿಗಳಿಗೆ ಬಾಣ ಬಿಟ್ಟು ಮೋಜು ಮಾಡಿದರಂತೆ, ಅಷ್ಟು ಹೇರಳವಾಗಿದ್ದವು. ಅವು ಹೊಟ್ಟೆ ಹೊರೆಯುತ್ತಿದ್ದದ್ದು ದಿಬ್ಬದ ಸೊಪ್ಪುಸದೆಯಿಂದ. ನಮ್ಮ ಸಾರಿಗೆ ಬೀಳುವ ಗೋಣಿ ಸೊಪ್ಪೂ ಅಲ್ಲಿತ್ತು. ಸಮುದ್ರ ಏರಿದಂತೆ ಬಿರುಗಾಳಿಯ ಅಲೆಗಳು ದಿಬ್ಬದ ಮೇಲೆ ನುಗ್ಗತೊಡಗಿದವು, ಉಪ್ಪುನೀರಿಗೆ ಗಿಡಗಳು ಸುಟ್ಟುಹೋದವು. 2004ರಲ್ಲಿ 2.2 ಹೆಕ್ಟೇರ್ ಇದ್ದ ಹಸಿರು 2014ರ ಹೊತ್ತಿಗೆ 0.065 ಹೆಕ್ಟೇರ್. ಇಲಿ ಮುಳುಗಿ ಸಾಯಬೇಕೆಂದೇನಿಲ್ಲ. ತಿನ್ನಲು, ಅಡಗಲು ಎಲೆಯಿಲ್ಲದಿದ್ದರೆ ಸಾಕು. 2009ರಲ್ಲಿ ಮೀನುಗಾರನೊಬ್ಬ ಕಂಡದ್ದೇ ಕೊನೆ. 2019ರಲ್ಲಿ ಆಸ್ಟ್ರೇಲಿಯ ಸರ್ಕಾರ ಅದನ್ನು ಅಳಿದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಮನುಷ್ಯ ತಂದ ಹವಾಮಾನ ಬದಲಾವಣೆಗೆ ಬಲಿಯಾದ ಮೊದಲ ಸಸ್ತನಿ ಎಂಬ ಬೇಡದ ಹೆಸರು ಅದಕ್ಕೆ ಅಂಟಿದೆ.

ಓಡುವ ಕಾಲಿದ್ದದ್ದು ಹೋಗಿ ಕದಲದ್ದು ಉಳಿದದ್ದೇಕೆ? ಕಾರಣ ನೀರಿನಲ್ಲಿದೆ. ಹಾವಸೆಗೆ ನಿಜವಾದ ಬೇರಿಲ್ಲ. ತೆಳ್ಳಗಿನ ಎಲೆಗಳೇ ಮೈಯೆಲ್ಲ ನೀರು ಕುಡಿಯುತ್ತವೆ. ಸುಣ್ಣಕಲ್ಲಿನ ಒಡಲಿನಿಂದ ಬರುವ ಬುಗ್ಗೆ ಅದನ್ನು ಒಣಗಲು ಬಿಟ್ಟಿಲ್ಲ. ಆದರೆ ಬುಗ್ಗೆಗೆ ಕೊಳಕು ಸೇರಿದರೆ ಅದೂ ನೇರ ಮೈಗೇ. ಹಾಗಾಗಿಯೇ ಇದು ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿರುವ’ ಪ್ರಭೇದ. ಬ್ರಿಟನ್ನಿನ ಕಾನೂನಿನ ರಕ್ಷಣೆಯಿದೆ, ಆ ಜಾಗವನ್ನು ಗುಟ್ಟಾಗಿಟ್ಟಿದ್ದಾರೆ. ಹುಲಿಗೆ ಸಿಗುವ ಗಮನದ ನೂರರಲ್ಲೊಂದು ಪಾಲೂ ಸಿಗದ ಗಿಡಕ್ಕೆ ಇದು ಕಮ್ಮಿಯೇನಲ್ಲ.

ಹಾವಸೆಗೆ ಇನ್ನೊಂದು ಅನುಕೂಲವಿದೆ. ಅದರ ಚೂರೊಂದು ಸಿಕ್ಕರೂ ಹೊಸ ಗಿಡ ಚಿಗುರಬಲ್ಲದು. ಅಪರೂಪದ ಹಾವಸೆಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಡುವ ವಿಧಾನವನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ರೂಪಿಸಿದ್ದಾರೆ. ಇಲಿಗೆ ಬೇಕಾಗಿದ್ದದ್ದು ಬದುಕಿರುವ ಕೆಲವು ಜೋಡಿಗಳು. ಅದನ್ನು ಉಳಿಸುವ ಯೋಜನೆ 2008ರಲ್ಲೇ ಕಾಗದಕ್ಕೆ ಬಂದಿತ್ತು. 2014ರಲ್ಲಿ ಬೋನುಗಳನ್ನು ಹೊತ್ತು ದಿಬ್ಬಕ್ಕೆ ಹೋದ ತಂಡಕ್ಕೆ ಒಂದು ಇಲಿಯೂ ಬೀಳಲಿಲ್ಲ.