ಶಾಕ್ ಅಬ್ಸಾರ್ಬರ್‌ಗೆ ನೈಟ್ರೋಜನ್: ಮನೆಯಲ್ಲಿ ಕಿಟ್ ಜೋಡಿಸುವ ಮುನ್ನ ತಿಳಿಯಬೇಕಾದ ವಿಷಯಗಳು

ಹೊಸೂರು ಎಂದೊಡನೆ ವಾಹನ ಕೈಗಾರಿಕೆ ನೆನಪಾಗುತ್ತದೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಇಲ್ಲಿಯ ಕಾರ್ಖಾನೆಯಿಂದ. ಶಾಕ್ ಅಬ್ಸಾರ್ಬರ್ ತಯಾರಿಸುವ ಗೇಬ್ರಿಯಲ್ ಇಂಡಿಯಾದ ಘಟಕವೂ ಇಲ್ಲಿದೆ. ಹೊಸೂರು, ತಳಿ, ಡೆಂಕಣಿಕೋಟೆ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು ಐಟಿಐ ಸೇರುವ ಮಕ್ಕಳಿಗೆ, ಬೈಕಿನ ಶಾಕ್ ಅಬ್ಸಾರ್ಬರ್‌ಗೆ ಮನೆಯಲ್ಲೇ ನೈಟ್ರೋಜನ್ ತುಂಬುವ ಕಿಟ್ ಮಾಡಿಕೊಳ್ಳುವ ಆಸೆ ಹುಟ್ಟುವುದು ಸಹಜ. ಆ ಕೆಲಸದ ವಿಜ್ಞಾನವನ್ನೂ ಅದರ ಅಪಾಯವನ್ನೂ ಪೋಷಕರು ಮತ್ತು ವಿದ್ಯಾರ್ಥಿಗಳು ಅರಿತಿರುವುದು ಅಗತ್ಯ.

ಶಾಕ್ ಅಬ್ಸಾರ್ಬರ್‌ನ ಒಳಗೆ ಎಣ್ಣೆ ತುಂಬಿರುತ್ತದೆ. ಚಕ್ರ ಹಳ್ಳಕ್ಕೆ ಬಿದ್ದಾಗ ಪಿಸ್ಟನ್ ಚಲಿಸಿ, ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಗ್ಗುತ್ತದೆ; ಕುಲುಕಾಟದ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಎಣ್ಣೆಯ ಮೇಲೆ ಸಾಕಷ್ಟು ಒತ್ತಡವಿಲ್ಲದಿದ್ದರೆ ಅದು ನೊರೆಗಟ್ಟಿ ತಡೆಯುವ ಗುಣವನ್ನು ಕಳೆದುಕೊಳ್ಳುತ್ತದೆ. ಅಂಚೆಟ್ಟಿಯ ಕಡೆಯ ಗುಡ್ಡದ ರಸ್ತೆಗಳಲ್ಲಿ ದೀರ್ಘಕಾಲ ಓಡಿದ ಬೈಕು ಕೊನೆಗೆ ತೂಗಾಡತೊಡಗಲು ಇದೂ ಒಂದು ಕಾರಣ. ಈ ದೋಷವನ್ನು ನಿವಾರಿಸಲು ಫ್ರೆಂಚ್ ಎಂಜಿನಿಯರ್ ಕ್ರಿಶ್ಚಿಯನ್ ಬೂರ್ಸಿಯೆ ದ ಕಾರ್ಬೋನ್ 1950ರ ದಶಕದಲ್ಲಿ ಅಧಿಕ ಒತ್ತಡದ ಅನಿಲವನ್ನು ಬಳಸುವ ವಿನ್ಯಾಸವನ್ನು ರೂಪಿಸಿದರು. ಅದರಲ್ಲಿ ತೇಲುವ ಪಿಸ್ಟನ್ ಒಂದು ಎಣ್ಣೆಯನ್ನೂ ಅನಿಲವನ್ನೂ ಬೇರ್ಪಡಿಸುತ್ತದೆ.

ಗಾಳಿಯಲ್ಲಿ ಶೇಕಡ 78ರಷ್ಟು ನೈಟ್ರೋಜನ್ ಇರುವಾಗ ಗಾಳಿಯನ್ನೇ ಏಕೆ ತುಂಬಬಾರದು? ಗಾಳಿಯಲ್ಲಿರುವ ತೇವಾಂಶ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಆಮ್ಲಜನಕವು ಬಿಸಿ ಎಣ್ಣೆಯನ್ನು ಕೆಡಿಸುತ್ತದೆ. ಒಣ ನೈಟ್ರೋಜನ್‌ಗೆ ಈ ದೋಷಗಳಿಲ್ಲ.

ಇಂತಹ ಶಾಕ್ ಅಬ್ಸಾರ್ಬರ್‌ಗಳಲ್ಲಿ ಒತ್ತಡವು ಸಾಮಾನ್ಯವಾಗಿ ಚದರ ಸೆಂಟಿಮೀಟರ್‌ಗೆ 20 ಕಿಲೋ ಅಥವಾ ಅದಕ್ಕೂ ಹೆಚ್ಚು. ಬೈಕಿನ ಟೈರಿನಲ್ಲಿರುವುದು 2ರಿಂದ 2.5 ಮಾತ್ರ. ಆದುದರಿಂದ ಟೈರ್ ಅಂಗಡಿಯ ನೈಟ್ರೋಜನ್ ಯಂತ್ರದಿಂದ ಈ ಕೆಲಸ ಆಗದು.

ಕಿಟ್‌ನಲ್ಲಿ ಇರಬೇಕಾದವು ಐದು: ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್, ಅಧಿಕ ಒತ್ತಡ ತಾಳುವ ಹೋಸ್, ಮೀಟರ್ ಮತ್ತು ವಾಲ್ವ್‌ಗೆ ಕೂಡುವ ತುದಿ. ತುಂಬಿದ ಸಿಲಿಂಡರಿನ ಒತ್ತಡ ಸುಮಾರು 150ರಷ್ಟಿರುವುದರಿಂದ ರೆಗ್ಯುಲೇಟರ್ ಇಲ್ಲದೆ ಜೋಡಿಸುವಂತೆಯೇ ಇಲ್ಲ. ವೆಲ್ಡಿಂಗ್‌ನ ಸಾಮಾನ್ಯ ರೆಗ್ಯುಲೇಟರ್ ಇಷ್ಟು ಒತ್ತಡ ಕೊಡಲಾರದು. ಎ.ಸಿ. ಮೆಕಾನಿಕ್‌ಗಳು ಸೋರಿಕೆ ಪರೀಕ್ಷೆಗೆ ಬಳಸುವ ನೈಟ್ರೋಜನ್ ರೆಗ್ಯುಲೇಟರ್ ಇದಕ್ಕೆ ಹೊಂದುತ್ತದೆ.

ಇಲ್ಲಿ ಶಾಲೆಯ ಬಾಯ್ಲ್ ನಿಯಮ ನೆರವಿಗೆ ಬರುತ್ತದೆ. ಅನಿಲದ ಕೋಣೆ 30 ಮಿಲಿಲೀಟರ್, ಒತ್ತಡ 20 ಎಂದಿಟ್ಟುಕೊಳ್ಳೋಣ. ಖಾಲಿ ಹೋಸ್ ಮತ್ತು ಮೀಟರಿನ ಒಳಗೆ 10 ಮಿಲಿಲೀಟರ್ ಜಾಗವಿದ್ದರೆ, ಒತ್ತಡ ನೋಡಲು ಅದನ್ನು ಜೋಡಿಸಿದ ಕ್ಷಣದಲ್ಲಿಯೇ 20 ಇದ್ದದ್ದು ಸುಮಾರು 15ಕ್ಕೆ ಇಳಿಯುತ್ತದೆ. ಮೀಟರ್ ತೋರಿಸುವುದು ಮೊದಲಿದ್ದ ಒತ್ತಡವನ್ನಲ್ಲ. ಹೋಸ್ ಗಿಡ್ಡವಾಗಿರಬೇಕು, ವಾಲ್ವ್ ಮುಚ್ಚಿದ ನಂತರವೇ ಕಳಚಿಕೊಳ್ಳುವ ತುದಿ ಬೇಕು ಎನ್ನುವುದು ಇದಕ್ಕಾಗಿ.

ಮುಖ್ಯ ಅಪಾಯಗಳು ಮೂರು. ಮೊದಲನೆಯದು, ನೈಟ್ರೋಜನ್ ಬದಲು ಆಕ್ಸಿಜನ್ ತುಂಬುವುದು. ಅಧಿಕ ಒತ್ತಡದ ಆಕ್ಸಿಜನ್ ಎಣ್ಣೆಯನ್ನು ಮುಟ್ಟಿದರೆ ಕಿಡಿಯಿಲ್ಲದೆಯೂ ಬೆಂಕಿ ಹತ್ತಿ ಸ್ಫೋಟವಾಗಬಹುದು. ಸಿಲಿಂಡರ್ ಮೇಲಿನ ಹೆಸರನ್ನು ಓದದೆ ಕೈ ಹಾಕಬಾರದು. ಎರಡನೆಯದು, ಅನಿಲವನ್ನು ಹೊರಬಿಡದೆ ಬಿಚ್ಚುವುದು. 4 ಸೆಂಟಿಮೀಟರ್ ವ್ಯಾಸದ ಮುಚ್ಚಳವನ್ನು 20ರ ಒತ್ತಡ ಸುಮಾರು 250 ಕಿಲೋ ಬಲದಿಂದ ನೂಕುತ್ತಿರುತ್ತದೆ. ಹಳೆಯ ಶಾಕ್ ಅಬ್ಸಾರ್ಬರನ್ನು ಗುಜರಿಗೆ ಹಾಕುವಾಗ ಕತ್ತರಿಸುವುದು, ಬೆಂಕಿಗೆ ಎಸೆಯುವುದು ಪ್ರಾಣಾಪಾಯಕಾರಿ. ಮೂರನೆಯದು, ಮುಚ್ಚಿದ ಕೋಣೆಯಲ್ಲಿ ಅನಿಲ ಸೋರುವುದು. ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಆಮ್ಲಜನಕದ ಜಾಗವನ್ನು ಆಕ್ರಮಿಸಿ, ಎಚ್ಚರಿಕೆಯನ್ನೇ ಕೊಡದೆ ಮನುಷ್ಯನ ಪ್ರಜ್ಞೆ ತಪ್ಪಿಸುತ್ತದೆ.

ಇನ್ನೊಂದು ಮಾತು. ದಿನಬಳಕೆಯ ಬೈಕುಗಳ ಬಹುಪಾಲು ಶಾಕ್ ಅಬ್ಸಾರ್ಬರ್‌ಗಳಿಗೆ ತುಂಬುವ ವಾಲ್ವ್ ಇರುವುದಿಲ್ಲ. ಅವುಗಳಿಗೆ ರಂಧ್ರ ಕೊರೆಯುವ ಸಾಹಸ ಬೇಡ, ಬದಲಿಸುವುದೇ ಸರಿ. ವಾಲ್ವ್ ಇದ್ದರೂ, ಎಣ್ಣೆ ಜಿನುಗುತ್ತಿದ್ದರೆ ಸೀಲ್ ಸವೆದಿದೆ ಎಂದರ್ಥ. ಸೀಲ್ ಬದಲಿಸದೆ ಅನಿಲ ತುಂಬುವುದು ಒಡೆದ ಮಡಕೆಗೆ ನೀರು ಹೊತ್ತಂತೆ.

ಒಟ್ಟಿನಲ್ಲಿ, ಕಿಟ್ ಜೋಡಿಸುವುದು ಕಷ್ಟವಲ್ಲ, ಆದರೆ ಅದು ಮನೆಯ ಪಡಸಾಲೆಯಲ್ಲಿ ಒಬ್ಬೊಬ್ಬರೇ ಕಲಿಯುವ ಕೆಲಸವಲ್ಲ. ಸಿಲಿಂಡರ್‌ಗಳ ಸಂಗ್ರಹ, ಸಾಗಣೆಗೆ 2016ರ ಅನಿಲ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ಆಸಕ್ತಿಯುಳ್ಳ ಮಕ್ಕಳು ಐಟಿಐ ಕಾರ್ಯಾಗಾರದಲ್ಲಿ ಅಥವಾ ಅನುಭವಿ ಮೆಕಾನಿಕ್ ಬಳಿ, ಕಣ್ಣಿಗೆ ಕನ್ನಡಕ ಧರಿಸಿ, ಗಾಳಿಯಾಡುವ ಜಾಗದಲ್ಲಿ ಕಲಿಯಲಿ. ಮಾತೃಭಾಷೆಯಲ್ಲಿ ಕಲಿತ ಬಾಯ್ಲ್ ನಿಯಮವೇ ಅಲ್ಲಿ ಅವರ ಕೈ ಹಿಡಿಯುತ್ತದೆ.