ಡಾಕ್ಟರ್ ಮಂತ್ರಿಯ ಮೊದಲ ಚಿಕಿತ್ಸೆ

ಹಾನುಬಾಳು ಹೋಬಳಿಯ ಬೆಳೆಗಾರರ ಮನೆಯಲ್ಲಿ ಕಾಯಿಲೆ ಜೋರಾದರೆ ದಾರಿ ಎರಡೇ. ಒಂದು, ಸಕಲೇಶಪುರ ದಾಟಿ ಹಾಸನ. ಇನ್ನೊಂದು, ಘಟ್ಟ ಇಳಿದು ಮಂಗಳೂರು, ಮಣಿಪಾಲ. ಈ ಎರಡು ದಾರಿಗಳಿಗೂ ಸಂಬಂಧಪಟ್ಟ ಒಬ್ಬ ವೈದ್ಯರ ಜೀವನವನ್ನು ಸದಸ್ಯ ಬಾಂಧವರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಅವರೇ ಉಡುಪಿಯ ಡಾ. ವಿ.ಎಸ್. ಆಚಾರ್ಯರು. ನಮ್ಮ ಸದಸ್ಯರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಸಂಘಕ್ಕೆ ಪಕ್ಷವಿಲ್ಲ. ಆದುದರಿಂದ ಅವರ ರಾಜಕೀಯವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಇಲ್ಲಿಯ ಮಾತಲ್ಲ.

ಆಚಾರ್ಯರು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಓದಿ ಎಂ.ಬಿ.ಬಿ.ಎಸ್. ಪದವಿ ಪಡೆದು, ಉಡುಪಿಯಲ್ಲಿ ವೃತ್ತಿ ಹಿಡಿದವರು. 1968ರಲ್ಲಿ, ಇನ್ನೂ 30 ತುಂಬದ ವಯಸ್ಸಿನಲ್ಲಿ, ಜನಸಂಘದಿಂದ ಉಡುಪಿ ಪುರಸಭೆಗೆ ಆಯ್ಕೆಯಾಗಿ ಅದರ ಅಧ್ಯಕ್ಷರಾದರು.

ಆಗಿನ ಪಟ್ಟಣಗಳಲ್ಲಿ ಒಣ ಕಕ್ಕಸುಗಳಿದ್ದುದನ್ನು ಹಿರಿಯ ಸದಸ್ಯರು ಬಲ್ಲರು. ಮನೆಯ ಹಿತ್ತಲಿನ ಕಕ್ಕಸಿನ ಕೆಳಗೆ ಒಂದು ಬಕೆಟ್. ಬೆಳಗಿನ ಜಾವ ಒಬ್ಬ ಮನುಷ್ಯ ಬಂದು ಅದನ್ನು ಬರಿಗೈಯಲ್ಲಿ ಬಳಿದು, ತಲೆಯ ಮೇಲೆ ಹೊತ್ತು ಊರಾಚೆ ಸುರಿಯಬೇಕಿತ್ತು. ಮಳೆಗಾಲದಲ್ಲಿ ತಲೆಯಿಂದ ಮೈಮೇಲೆಲ್ಲ ಸೋರುತ್ತಿತ್ತು. ಹುಟ್ಟಿದ ಜಾತಿಯ ಕಾರಣಕ್ಕೆ ತಲೆತಲಾಂತರ ಅದೇ ಕೆಲಸ. ಅದೇ ಮಲ ನೊಣಗಳ ಮೂಲಕ ಊಟಕ್ಕೂ ಇಂಗಿ ಬಾವಿಗೂ ಸೇರಿ ಕಾಲರಾ, ವಿಷಮಶೀತ ಜ್ವರ, ಆಮಶಂಕೆಗಳನ್ನು ಹರಡುತ್ತಿತ್ತು. ಇಂಥ ರೋಗಿಗೆ ಎಷ್ಟು ಸಲ ಮದ್ದು ಕೊಟ್ಟರೂ ಹಿತ್ತಲು ಹಾಗೆಯೇ ಇದ್ದರೆ ಅವನು ಮತ್ತೆ ಬಂದೇ ಬರುತ್ತಾನೆ.

ಆಚಾರ್ಯರ ಆಡಳಿತದಲ್ಲಿ ಉಡುಪಿ ಪುರಸಭೆ ಮಲ ಹೊರುವ ಪದ್ಧತಿಯನ್ನೇ ಕಿತ್ತುಹಾಕಿತು. ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ಪುರಸಭೆಗಳ ಸಾಲಿನಲ್ಲಿ ಉಡುಪಿಯ ಹೆಸರು ಇಂದಿಗೂ ಬರುತ್ತದೆ. 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ರಾಜ್ಯದ ಮಟ್ಟದಲ್ಲಿ ಇದೇ ಹಾದಿ ತುಳಿದರು. ಇದನ್ನು ನಿಷೇಧಿಸಿ ಸಂಸತ್ತು ಕಾಯಿದೆ ಮಾಡಿದ್ದು 1993ರಷ್ಟು ತಡವಾಗಿ.

ಮುಂದೆ ತುರ್ತು ಪರಿಸ್ಥಿತಿಯಲ್ಲಿ ಆಚಾರ್ಯರಿಗೆ ಸೆರೆವಾಸವಾಯಿತು. 1983ರಲ್ಲಿ ಉಡುಪಿಯಿಂದ ವಿಧಾನಸಭೆಗೆ ಆರಿಸಿ ಬಂದರು. ಬಳಿಕ ವಿಧಾನ ಪರಿಷತ್ತಿನ ಸದಸ್ಯರಾದರು. 2006ರಲ್ಲಿ ಸಮ್ಮಿಶ್ರ ಸರ್ಕಾರದ ವೈದ್ಯಕೀಯ ಶಿಕ್ಷಣ ಮಂತ್ರಿಯಾದರು. ನಮ್ಮ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದುದು ಅದೇ ವರ್ಷ. ಆ ಕಾಲೇಜಿನ ಕೀರ್ತಿ ಒಬ್ಬರಿಗೇ ಸಲ್ಲತಕ್ಕದ್ದಲ್ಲ. ಆದರೆ ಖಾತೆ ಆಗ ಅವರ ಕೈಯಲ್ಲಿತ್ತು ಎಂಬುದನ್ನು ನೆನೆಯಬೇಕು.

2008ರಿಂದ 2010ರವರೆಗೆ ಅವರು ಗೃಹಮಂತ್ರಿಗಳು. ಅದು ನೆಮ್ಮದಿಯ ಕಾಲವಾಗಿರಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಇಗರ್ಜಿಗಳ ಮೇಲೆ ದಾಳಿಗಳಾದವು. ಅವರ ಇಲಾಖೆ ಕಟುವಾದ ಟೀಕೆಗೆ ಗುರಿಯಾಯಿತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಉಡುಪಿಯಲ್ಲಿ ಒಬ್ಬ ವೈದ್ಯ ತೊಡೆದ ಕಳಂಕ ನಾಲ್ಕು ದಶಕಗಳ ಮೇಲೆ, ಅವರೇ ಮಂತ್ರಿಯಾಗಿದ್ದ ರಾಜ್ಯದಲ್ಲಿ, ಇನ್ನೊಂದು ಊರಿನಲ್ಲಿ ಉಳಿದೇ ಇತ್ತು. ಆ ಬಳಿಕ ಉನ್ನತ ಶಿಕ್ಷಣ ಮಂತ್ರಿಯಾಗಿದ್ದಾಗಲೇ, 2012ರ ಫೆಬ್ರವರಿ 14ರಂದು, ಬೆಂಗಳೂರಿನಲ್ಲಿ ಕುಸಿದುಬಿದ್ದು ತೀರಿಕೊಂಡರು.

ಅವರು ಏರಿದ ಹುದ್ದೆಗಳಲ್ಲೆಲ್ಲ ಪುರಸಭೆಯದೇ ಚಿಕ್ಕದು. ಆದರೆ ಎಲ್ಲ ಪಕ್ಷದವರೂ ಒಪ್ಪಿ ನೆನೆಯುವ ಕೆಲಸ ಅಲ್ಲಿಯದೇ. ಅಲ್ಲಿ ಯಾವ ಬೀದಿಯಲ್ಲಿ ಯಾರ ಮನೆಯ ಹಿಂದೆ ಏನಿದೆಯೆಂದು ಅವರಿಗೆ ಗೊತ್ತಿತ್ತು. ಸವಣೂರಿನ ಹಿತ್ತಲನ್ನು ಸವಣೂರಿನವರೇ ನೋಡಬೇಕಿತ್ತು.

ಹಾಗಾದರೆ ನಮ್ಮ ಹಿತ್ತಲು? 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ಎಸ್ಟೇಟುಗಳ ಮೇಲೆ ಶೌಚಾಲಯದ ಹೊಣೆ ಹೊರಿಸಿತು. ನಾಲ್ಕೈದು ಎಕರೆಯ ನಮ್ಮಂಥವರ ತನಕ ಅದು ಬರಲಿಲ್ಲ. ಕುಯ್ಲಿಗೆ ಬಂದ ಆಳುಗಳು ಗಿಡಗಳ ಮರೆಗೆ ಹೋಗುವುದು ನಮ್ಮ ಕಣ್ಣಿಗೆ ಬೀಳದ ಸಂಗತಿಯೇನಲ್ಲ. ನೆರಳು, ತೇವ, ಕೊಳೆತ ಎಲೆ: ಕಾಫಿಗೆ ಹಿತವಾದುದೇ ಕೊಕ್ಕೆಹುಳುವಿಗೂ ಹಿತ. ಮಲದಲ್ಲಿರುವ ಮೊಟ್ಟೆ ಮಣ್ಣಿನಲ್ಲಿ ಒಡೆದು, ಮರಿಹುಳು ಬರಿಗಾಲಿನ ಚರ್ಮ ತೂರಿ, ಕರುಳು ಸೇರಿ ರಕ್ತ ಹೀರುತ್ತದೆ. ಮಧ್ಯಾಹ್ನದ ಹೊತ್ತಿಗೆ ಏದುಸಿರು ಬಿಡುವ ಹೆಣ್ಣಾಳನ್ನು ಸೋಮಾರಿ ಎನ್ನುವ ಮೊದಲು ಇದನ್ನು ನೆನೆಯೋಣ. ಅದೇ ಮಣ್ಣಿನ ಮೇಲೆ ನಮ್ಮ ಮಕ್ಕಳೂ ಓಡಾಡುತ್ತಾರೆ.

ಪರಿಹಾರ ದೊಡ್ಡದಲ್ಲ. ನೀರು ನಿಲ್ಲುವ ಬೇಸಿನ್ನು, ಎರಡು ಗುಂಡಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು 2 ವರ್ಷ ಮುಚ್ಚಿಟ್ಟರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಬಳಿಯಲು ಯಾರೂ ಬೇಡ. ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿರಲಿ. ಮಳೆಗಾಲದಲ್ಲಿ ಒರತೆ ಏಳುವ ಜಾಗ ಬೇಡ.

ಕುಯ್ಲು ಶುರುವಾಗುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದ ಲೈನುಮನೆಯ ಹಿಂದೆ ಒಮ್ಮೆ ಹೋಗಿ ನೋಡಿ ಬರಬೇಕೆಂದು ವಿನಂತಿ.