ಗುಂಪು ಒಂದೇ, ಆದರೂ ಹೊಂದದು!

"ಮೇಷ್ಟ್ರೇ, ಪರೀಕ್ಷೆಯಲ್ಲೇ ಏನೋ ತಪ್ಪಾಗಿರಬೇಕು" ಎನ್ನುತ್ತಲೇ ನನ್ನ ಹಳೆಯ ವಿದ್ಯಾರ್ಥಿ ಒಳಗೆ ಬಂದ. ಅವನ ಕಿರಿಯ ಮಗನಿಗೆ ಥಲಸ್ಸೇಮಿಯಾ. ಮತ್ತೆ ಮತ್ತೆ ರಕ್ತ ಕೊಡಿಸಿ ಸಾಕಾಗಿ, ಅಸ್ಥಿಮಜ್ಜೆಯ ಕಸಿಗೆ ಮನಸ್ಸು ಮಾಡಿದ್ದರು. ಹಿರಿಯ ಮಗನದೂ ಬಿ ಪಾಸಿಟಿವ್, ಕಿರಿಯವನದೂ ಬಿ ಪಾಸಿಟಿವ್. ಆದರೆ ಅಣ್ಣನ ಮಜ್ಜೆ ಹೊಂದುವುದಿಲ್ಲವಂತೆ. ಓ ಪಾಸಿಟಿವ್ ಗುಂಪಿನ ಅಕ್ಕನದು ಹೊಂದುತ್ತದಂತೆ!

ತಪ್ಪೇನೂ ಆಗಿರಲಿಲ್ಲ. 1901ರಲ್ಲಿ ಲ್ಯಾಂಡ್‌ಸ್ಟೈನರ್ ವಿವರಿಸಿದ ರಕ್ತದ ಗುಂಪುಗಳನ್ನು ನಿರ್ಧರಿಸುವ ವಂಶವಾಹಿ ಇರುವುದು 9ನೆಯ ವರ್ಣತಂತುವಿನಲ್ಲಿ. ಕಸಿಗೆ ಬೇಕಾದ ಅಂಗಾಂಶದ ಗುರುತುಗಳೇ ಬೇರೆ. ಇವುಗಳಲ್ಲಿ ಮೊದಲನೆಯದನ್ನು 1958ರಲ್ಲಿ ಬಿಳಿ ರಕ್ತಕಣಗಳ ಮೇಲೆ ಗುರುತಿಸಿದವರು ಫ್ರಾನ್ಸಿನ ಝಾನ್ ದೊಸೆ. (ಹೆಸರು ಕೇಳಿದೊಡನೆ ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಅವರಿಗೆ 1980ರಲ್ಲಿ ನೊಬೆಲ್ ಬಂತು.) ಎಚ್‌ಎಲ್‌ಎ ಎಂಬ ಈ ಗುರುತುಗಳ ವಂಶವಾಹಿಗಳು 6ನೆಯ ವರ್ಣತಂತುವಿನಲ್ಲಿವೆ. ವರ್ಣತಂತುಗಳೇ ಬೇರೆಯಾದ ಮೇಲೆ ಒಂದರ ಜತೆಗೆ ಇನ್ನೊಂದು ಬರಲೇಬೇಕೆಂಬ ಕಟ್ಟುಪಾಡಿಲ್ಲ.

ಎಚ್‌ಎಲ್‌ಎಯಲ್ಲೂ ಎ, ಬಿ, ಸಿ, ಡಿಆರ್ ಎಂಬ ಹೆಸರುಗಳಿವೆ. ಈ ಎ, ಬಿಗಳಿಗೂ ರಕ್ತದ ಎ, ಬಿಗಳಿಗೂ ಸಂಬಂಧವಿಲ್ಲ. ಹೆಸರಿಟ್ಟವರು ಪಾಠ ಹೇಳುವವರ ಪಾಡನ್ನು ನೆನೆಯಲಿಲ್ಲ! ಇವು ಒತ್ತೊತ್ತಾಗಿ ಇರುವುದರಿಂದ ಸಾಮಾನ್ಯವಾಗಿ ಒಂದೇ ಕಂತೆಯಾಗಿ ಮಕ್ಕಳಿಗೆ ಸಾಗುತ್ತವೆ. ತಂದೆಯ ಎರಡು ಕಂತೆಗಳಲ್ಲಿ ಒಂದು, ತಾಯಿಯ ಎರಡರಲ್ಲಿ ಒಂದು. ಒಟ್ಟು ನಾಲ್ಕು ಬಗೆಯ ಜೋಡಿ. ಆದ್ದರಿಂದ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದಿಕೆಯ ಸಂಭವ ಶೇ. 25. ರಕ್ತದ ಗುಂಪು ಒಂದೇ ಇದ್ದರೂ ಅಷ್ಟೆ, ಬೇರೆಯಾದರೂ ಅಷ್ಟೆ.

ಹಾಗೆಂದು ರಕ್ತದ ಗುಂಪುಗಳಿಗೆ ನಂಟೇ ಇಲ್ಲವೆಂದಲ್ಲ. ಲೂಥರನ್ ಎಂಬ ರಕ್ತದ ಗುಂಪು ಇನ್ನೊಂದು ಗುಣದೊಡನೆ ಜತೆಯಾಗಿ ಸಾಗುವುದನ್ನು ಡೆನ್ಮಾರ್ಕಿನ ಯಾನ್ ಮೋರ್ 1951ರಲ್ಲೇ ತೋರಿಸಿದ್ದರು. ಚಿಡೋ, ರಾಜರ್ಸ್ ಎಂಬ ಅಪರಿಚಿತ ಪ್ರತಿಜನಕಗಳ ವಂಶವಾಹಿಗಳಂತೂ ಎಚ್‌ಎಲ್‌ಎಯ ಮಗ್ಗುಲಲ್ಲೇ ಇವೆ. ಎ, ಬಿ, ಓಗೆ ಆ ನೆರೆಹೊರೆಯಿಲ್ಲ.

"ಹಾಗಾದರೆ ಮಗನ ಮೈಯಲ್ಲಿ ಎರಡು ಗುಂಪಿನ ರಕ್ತವೇ?" ಎಂದು ಅವನು ಗಾಬರಿಯಾದ. ಸ್ವಲ್ಪ ಕಾಲ ಹೌದು. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಹಳೆಯವು ಸಾಯುತ್ತ ಹೋದಂತೆ ಅಕ್ಕನ ಮಜ್ಜೆ ತಯಾರಿಸಿದ ಓ ಕಣಗಳೇ ಉಳಿಯುತ್ತವೆ. ಕಸಿಯ ಹೊತ್ತಿನಲ್ಲಿ ಗುಂಪಿನ ವ್ಯತ್ಯಾಸದಿಂದ ತೊಂದರೆಯಾಗದಂತೆ ವೈದ್ಯರು ಎಚ್ಚರ ವಹಿಸುತ್ತಾರೆ.

ಮೊನ್ನೆ ಫೋನ್ ಮಾಡಿದ್ದ. ಹುಡುಗ ಶಾಲೆಗೆ ಹೋಗುತ್ತಿದ್ದಾನೆ, ರಕ್ತ ಕೊಡಿಸುವುದು ನಿಂತಿದೆ. ಗುರುತಿನ ಚೀಟಿಯಲ್ಲಿ ಮಾತ್ರ ಇನ್ನೂ ಬಿ ಪಾಸಿಟಿವ್ ಎಂದೇ ಇದೆಯಂತೆ. ನಾಳೆಯೇ ಹೋಗಿ ತಿದ್ದಿಸು ಎಂದೆ.